ಕಾನೂನು ಒಂದೇ, ಬಾಗಿಲು ಎಷ್ಟು? ಜಯಲಲಿತಾ ಆಸ್ತಿ ಪ್ರಕರಣ ಮುಂದಿಟ್ಟುಕೊಂಡು ಚರ್ಚೆ

ಬೆಣ್ಣೆನಗರಿ:
ದೊಡ್ಡೋರಿಗೊಂದು ಕಾನೂನು, ಬಡವನಿಗೊಂದು ಕಾನೂನು ಅನ್ನೋ ಮಾತು ಚಹಾ ಅಂಗಡಿಯಿಂದ ವಿಧಾನಸಭೆವರೆಗೂ ಓಡಾಡುತ್ತೆ. ಒಪ್ಪೋದೂ ಸುಲಭ, ಅಲ್ಲಗಳೆಯೋದೂ ಸುಲಭ. ಇಲ್ಲಿ ಬೇರೆ ರೀತಿ ಮಾಡೋಣ. ಒಂದೇ ಒಂದು ಕೇಸು ಎತ್ತಿಕೊಂಡು, ಎಫ್‌ಐಆರ್‌ನಿಂದ ಕೊನೇ ತೀರ್ಪಿನವರೆಗೆ ಯಾವ ಹಂತದಲ್ಲಿ ಯಾರ ಕೈಯಲ್ಲಿ ಏನಿತ್ತು ಅಂತ ಬಿಡಿಸಿ ನೋಡೋಣ.

ನನ್ನ ಸೂಚನೆ: ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ಅದೇ ಸಾಕ್ಷ್ಯ, ಅದೇ ದಾಖಲೆ. ಬೆಂಗಳೂರಿನ ವಿಶೇಷ ನ್ಯಾಯಾಲಯ 4 ವರ್ಷ ಜೈಲು ಅಂದಿತು, ಕರ್ನಾಟಕ ಹೈಕೋರ್ಟ್ ಖುಲಾಸೆ ಅಂದಿತು, ಸುಪ್ರೀಂ ಕೋರ್ಟ್ ಮತ್ತೆ ಮೊದಲಿನ ತೀರ್ಪೇ ಸರಿ ಅಂದಿತು. ಅವರು ಈಗಿಲ್ಲ, ಕೇಸೂ ಮುಗಿದಿದೆ. ಹಾಗಾಗಿ ತಲೆ ಬಿಸಿ ಇಲ್ಲದೆ ಮಾತಾಡಬಹುದು. ಪಕ್ಷದ ಜಗಳ ತರೋರು ದಯವಿಟ್ಟು ಬೇರೆ ಕಡೆ ಹೋಗಿ.

ಕಟಕಟೆ:
ಒಳ್ಳೇ ಆಯ್ಕೆ. ಮೊದಲು ಚೆನ್ನೈ ಭಾಗ ಹೇಳಿಬಿಡ್ತೀನಿ, ಯಾಕಂದ್ರೆ ಅಸಲಿ ವಿಷಯ ಇರೋದು ಅಲ್ಲೇ.

ಆಸ್ತಿ ಲೆಕ್ಕಕ್ಕೆ ಹಿಡಿದ ತಪಾಸಣಾ ಅವಧಿ 1991ರ ಜುಲೈ 1ರಿಂದ 1996ರ ಏಪ್ರಿಲ್ 30, ಅಂದರೆ ಅವರ ಮೊದಲ ಮುಖ್ಯಮಂತ್ರಿ ಅವಧಿ. 1996ರ ಚುನಾವಣೆಯಲ್ಲಿ ಸೋತರು. ಸುಬ್ರಮಣಿಯನ್ ಸ್ವಾಮಿ ದೂರು ಕೊಟ್ಟದ್ದು, ಎಫ್‌ಐಆರ್ ಆದದ್ದು ಅದೇ ವರ್ಷ. 1997ರಲ್ಲಿ ಆರೋಪ ಪಟ್ಟಿ, ಅದೇ ವರ್ಷ ದೋಷಾರೋಪಣೆ. 2000ದ ಆಗಸ್ಟ್ ಹೊತ್ತಿಗೆ ಪ್ರಾಸಿಕ್ಯೂಷನ್ನಿನ 250 ಸಾಕ್ಷಿಗಳ ವಿಚಾರಣೆ ಮುಗಿದಿತ್ತು. ನಮ್ಮ ಕೋರ್ಟುಗಳ ಲೆಕ್ಕದಲ್ಲಿ ಇದು ಕುದುರೆ ಓಟ.

2001ರ ಮೇಯಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಅಲ್ಲಿಂದ ಕಡತದ ದಿಕ್ಕು ಬದಲಾಯ್ತು. ಆಗಲೇ ಸಾಕ್ಷಿ ಹೇಳಿ ಹೋಗಿದ್ದವರ ಪೈಕಿ 76 ಜನರನ್ನು ಪಾಟೀ ಸವಾಲಿಗೆ ವಾಪಸ್ ಕರೆಸಿದರು. ಅವರಲ್ಲಿ 64 ಮಂದಿ ಹಿಂದೆ ಹೇಳಿದ್ದಕ್ಕೆ ತಿರುಗಿಬಿದ್ದರು.

ಸಾಕ್ಷಿಯನ್ನು ವಾಪಸ್ ಕರೆಸುವುದು ಕಾನೂನುಬಾಹಿರ ಅಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 311ನೇ ಸೆಕ್ಷನ್ನಿನಲ್ಲಿ ಯಾವ ಆರೋಪಿ ಬೇಕಾದರೂ ಕೇಳಬಹುದು, ಬೈಕ್ ಕಳ್ಳನೂ ಕೇಳಬಹುದು. ಆದರೆ ಬೈಕ್ ಕಳ್ಳ ಕೇಳಿದಾಗ ಸರ್ಕಾರಿ ವಕೀಲ ಎದ್ದು ನಿಂತು ತಕರಾರು ತೆಗೀತಾರೆ: ಆಗಲೇ ಅವಕಾಶ ಕೊಟ್ಟಿತ್ತು, ಯಾಕೆ ಕೇಳಲಿಲ್ಲ, ಈಗ ಯಾಕೆ ಅಂತ. ಸಾಕ್ಷಿ ತಿರುಗಿಬಿದ್ದರೆ ಪ್ರತಿಕೂಲ ಸಾಕ್ಷಿ ಅಂತ ಘೋಷಿಸಲು ಕೇಳಿಕೊಂಡು, ತಾವೇ ಪಾಟೀ ಸವಾಲು ಮಾಡ್ತಾರೆ. ಇಲ್ಲಿ ಆ ಎರಡೂ ಕೆಲಸ ಆಗಲಿಲ್ಲ ಅಂತ ಸುಪ್ರೀಂ ಕೋರ್ಟೇ ಬರೆದಿದೆ. ಸರ್ಕಾರಿ ವಕೀಲರನ್ನು ನೇಮಿಸೋದು ಸರ್ಕಾರ, ಸರ್ಕಾರದ ಮುಖ್ಯಸ್ಥರೇ ಆರೋಪಿ.

ಇನ್ನೊಂದು ವಿಷಯ. 313ನೇ ಸೆಕ್ಷನ್ನಿನಲ್ಲಿ ಆರೋಪಿಯನ್ನು ನ್ಯಾಯಾಧೀಶರು ಖುದ್ದು ಪ್ರಶ್ನೆ ಕೇಳುವ ಹಂತ ಬರುತ್ತೆ. ಖುದ್ದು ಹಾಜರಾತಿಗೆ ವಿನಾಯಿತಿ ಕೊಟ್ಟು ಪ್ರಶ್ನಾವಳಿಯನ್ನು ಮನೆಗೇ ಕಳಿಸಲಾಯಿತು. ಅದಕ್ಕೂ ಪ್ರಾಸಿಕ್ಯೂಷನ್ ತಕರಾರು ಇರಲಿಲ್ಲ.

ಬೆಣ್ಣೆನಗರಿ:
ಅಂದ್ರೆ ಸೆಕ್ಷನ್ ಅದೇ, ತಕರಾರು ತೆಗೆಯೋ ಬಾಯಿ ಮಾತ್ರ ಮುಚ್ಚಿತ್ತು?

ಕಟಕಟೆ:
ಅಷ್ಟೇ. ಕಾನೂನು ಪುಸ್ತಕದಲ್ಲಿ ಹುಡುಕಿದರೆ ತಾರತಮ್ಯ ಸಿಗೋದಿಲ್ಲ. ಕೋರ್ಟಿನ ಆರ್ಡರ್ ಶೀಟಿನಲ್ಲಿ ಸಿಗುತ್ತೆ: “ಪ್ರಾಸಿಕ್ಯೂಷನ್ ಆಕ್ಷೇಪಣೆ ಇಲ್ಲ” ಅನ್ನೋ ಒಂದು ಸಾಲು.

ಧಾರವಾಡಿ:
ಒಂದ್ ಮಾತ್ ಕೇಳ್ತೀನ್ರಿ. ಆ ಕೇಸನ್ನ ಇನ್ನೊಂದ್ ರಾಜ್ಯಕ್ಕ ಎತ್ತಿ ತಂದದ್ದೂ ವಿಶೇಷ ಉಪಚಾರನ ಅಲ್ಲೇನು? ನಮ್ಮ ಊರಾಗ ಒಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷ ಸಾಕ್ಷಿ ಹೆದರಿಸಿದ್ರ ಆ ಕೇಸ್ ಗೋವಾಕ್ಕ ಹೋಗ್ತದೇನ್ರಿ? ಸಮಾನತೆ ಅಂದ್ರ ಎರಡೂ ಕಡೀಂದ ನೋಡಬೇಕಲ್ಲ.

ಕಟಕಟೆ:
ಸರಿಯಾದ ಪ್ರಶ್ನೆ ಸರ್. ಹಳೇ ಸಂಹಿತೆಯ 406ನೇ ಸೆಕ್ಷನ್ನಿನಲ್ಲಿ ಸುಪ್ರೀಂ ಕೋರ್ಟಿಗೆ ಕೇಸನ್ನು ರಾಜ್ಯದಿಂದ ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಇದೆ. ಡಿಎಂಕೆಯ ಕೆ. ಅನ್ಬಳಗನ್ ಅರ್ಜಿ ಹಾಕಿದರು, 2003ರ ನವೆಂಬರ್ 18ರಂದು ಆದೇಶ ಆಯ್ತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಮಾಡಿ, ಹಿರಿಯ ವಕೀಲರೊಬ್ಬರನ್ನು ಪ್ರಾಸಿಕ್ಯೂಟರ್ ಮಾಡಿ ಅಂದರು. ಅಡ್ವೊಕೇಟ್ ಜನರಲ್ ಆಗಿದ್ದ ಬಿ.ವಿ. ಆಚಾರ್ಯ ಆ ಜಾಗಕ್ಕೆ ಬಂದರು. ಪಂಚಾಯಿತಿ ಅಧ್ಯಕ್ಷನ ಕೇಸಿಗೆ ಜಿಲ್ಲೆ ಬದಲಾಯಿಸಿದರೆ ಸಾಕು, ಅದನ್ನು ಹೈಕೋರ್ಟೇ ಮಾಡುತ್ತೆ. ಮುಖ್ಯಮಂತ್ರಿಯ ಕೈ ರಾಜ್ಯದ ಗಡಿವರೆಗೆ ಚಾಚಿರುತ್ತೆ, ಹಾಗಾಗಿ ಗಡಿ ದಾಟಬೇಕಾಯ್ತು.

ಆದರೆ ನಿಮ್ಮ ಆತಂಕಕ್ಕೆ ಆಧಾರ ಇದೆ. ಅಂತುಳೆ ಪ್ರಕರಣ ನೋಡಿ. ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ.ಆರ್. ಅಂತುಳೆ ಅವರ ಭ್ರಷ್ಟಾಚಾರದ ಕೇಸನ್ನು ಬೇಗ ಮುಗಿಸಲಿ ಅಂತ 1984ರಲ್ಲಿ ಸುಪ್ರೀಂ ಕೋರ್ಟೇ ವಿಶೇಷ ನ್ಯಾಯಾಧೀಶರಿಂದ ಕಿತ್ತು ಬಾಂಬೆ ಹೈಕೋರ್ಟಿಗೆ ಕಳಿಸಿತು. 1988ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಅದೇ ಆದೇಶವನ್ನು ತಪ್ಪು ಅಂದಿತು. ಹೈಕೋರ್ಟೇ ವಿಚಾರಣಾ ನ್ಯಾಯಾಲಯವಾದರೆ ಆರೋಪಿ ಒಂದು ಮೇಲ್ಮನವಿಯ ಹಕ್ಕು ಕಳಕೊಳ್ತಾನೆ, ಇತರ ಆರೋಪಿಗಳಿಗೆ ಇರುವುದು ಇವನಿಗೂ ಇರಬೇಕು, ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿ ಇವನಿಗೂ ಅನ್ವಯಿಸುತ್ತೆ ಅಂತ. ದೊಡ್ಡವರ ಮೇಲೆ ಆತುರ ತೋರಿಸುವುದೂ ಅಸಮಾನತೆಯೇ. ಆ ತೀರ್ಪನ್ನು ಮರೆತು ಈ ವಿಷಯ ಮಾತಾಡೋರು ಜಾಸ್ತಿ.

ವಾಯಿದೆ ವೆಂಕಟೇಶ:
ಬೆಂಗಳೂರಿಗೆ ಬಂದ ಮೇಲೂ ವಾಯಿದೆ ನಿಲ್ಲಲಿಲ್ಲ ಅನ್ನೋದನ್ನೂ ಬರೀರಿ. 2003ರಲ್ಲಿ ವರ್ಗ, 2014ರಲ್ಲಿ ತೀರ್ಪು. ಸಾವಿರಾರು ಪುಟ ತಮಿಳು ದಾಖಲೆ, ಹೇಳಿಕೆಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಬೇಕಿತ್ತು. ಆಮೇಲೆ ತರ್ಜುಮೆ ಸರಿಯಿಲ್ಲ ಅಂತ ಅರ್ಜಿ, ದಾಖಲೆ ಪರಿಶೀಲನೆಗೆ ಅವಕಾಶ ಕೊಡಿ ಅಂತ ಅರ್ಜಿ, ಒಂದೊಂದು ಅರ್ಜಿ ತಿರಸ್ಕೃತವಾದಾಗಲೂ ಮೇಲಿನ ಕೋರ್ಟಿಗೆ. ಇದೆಲ್ಲ ಹಕ್ಕೇ. ಆದರೆ ಹಕ್ಕು ಚಲಾಯಿಸಲು ದುಡ್ಡು ಬೇಕು. ಕಾನೂನು ನೆರವಿನ ವಕೀಲರಿಗೆ ಸಿಗೋ ಶುಲ್ಕದಲ್ಲಿ ಯಾರೂ ಮಧ್ಯಂತರ ಅರ್ಜಿ ಹಿಡ್ಕೊಂಡು ದೆಹಲಿಗೆ ವಿಮಾನ ಹತ್ತಲ್ಲ.

ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತೆ. ಚೆನ್ನೈನಲ್ಲಿ ಪ್ರಶ್ನಾವಳಿ ಮನೆಗೆ ಹೋಗಿತ್ತು ಅಂದ್ರಲ್ಲ, ಬೆಂಗಳೂರಿನಲ್ಲಿ 2011ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನಾಲ್ಕು ದಿನ ಖುದ್ದು ಬಂದು 1,339 ಪ್ರಶ್ನೆಗೆ ಉತ್ತರ ಹೇಳಬೇಕಾಯ್ತು. ಆಗಲೂ ಅವರು ಮುಖ್ಯಮಂತ್ರಿಯೇ.

ಜಮಾಖರ್ಚು:
ಈಗ ಲೆಕ್ಕದ ಭಾಗಕ್ಕೆ ಬರೋಣ. ಎಲ್ಲರೂ “ಹೈಕೋರ್ಟ್ ಕೂಡಿಕೆ ತಪ್ಪು ಮಾಡ್ತು” ಅಂತಾರೆ, ಎಷ್ಟು, ಎಲ್ಲಿ ಅಂತ ಹೇಳೋರು ಕಡಿಮೆ.

ಸೂತ್ರ ಸರಳ. ಅವಧಿಯಲ್ಲಿ ಗಳಿಸಿದ ಆಸ್ತಿ, ಅದಕ್ಕೆ ಖರ್ಚು ಕೂಡಿಸಿ, ಗೊತ್ತಿರುವ ಆದಾಯ ಕಳೆಯಿರಿ. ಉಳಿದದ್ದು ಅಕ್ರಮ. ಅದನ್ನು ಆದಾಯದಿಂದ ಭಾಗಿಸಿದರೆ ಶೇಕಡಾವಾರು.

ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ಅವರ ಲೆಕ್ಕ (2014ರ ಸೆಪ್ಟೆಂಬರ್ 27):
ಆಸ್ತಿ 55,02,48,215 ರೂ.
ಖರ್ಚು 8,49,06,833 ರೂ.
ಆದಾಯ 9,91,05,094 ರೂ.
ಅಕ್ರಮ 53,60,49,954 ರೂ.
ಶಿಕ್ಷೆ 4 ವರ್ಷ, ದಂಡ 100 ಕೋಟಿ. ಉಳಿದ ಮೂವರು ಆರೋಪಿಗಳಿಗೆ (ಆಪ್ತೆ ಶಶಿಕಲಾ ಮತ್ತು ಇನ್ನಿಬ್ಬರು) ತಲಾ 10 ಕೋಟಿ.

ಹೈಕೋರ್ಟ್ ಲೆಕ್ಕ (2015ರ ಮೇ 11):
ಆಸ್ತಿ 37,59,02,466 ರೂ.
ಆದಾಯ 34,76,65,654 ರೂ.
ಅಕ್ರಮ 2,82,36,812 ರೂ., ಅಂದರೆ ಶೇ. 8.12.

ಈ 8.12 ಯಾಕೆ ಮುಖ್ಯ? 1977ರ ಕೃಷ್ಣಾನಂದ ಅಗ್ನಿಹೋತ್ರಿ ತೀರ್ಪಿನಲ್ಲಿ ಶೇ. 10ರ ಒಳಗಿನ ವ್ಯತ್ಯಾಸಕ್ಕೆ ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟಿತ್ತು. ಆ ಗೆರೆಯ ಒಳಗೆ ಬಂತು, ಖುಲಾಸೆ ಆಯ್ತು.

ಹೈಕೋರ್ಟ್ ಬ್ಯಾಂಕ್ ಸಾಲಗಳನ್ನು ಆದಾಯಕ್ಕೆ ಸೇರಿಸಿತು. ಸಾಲಗಳ ಪಟ್ಟಿಯ ಕೆಳಗೆ ಬರೆದ ಮೊತ್ತ 24,17,31,274. ಪಟ್ಟಿಯ ಬಾಬ್ತುಗಳನ್ನು ನೀವೇ ಕೂಡಿ ನೋಡಿ, ಬರೋದು 10,67,31,274. ವ್ಯತ್ಯಾಸ ಸರಿಯಾಗಿ 13 ಕೋಟಿ 50 ಲಕ್ಷ. ಮೊದಲೇ ಲೆಕ್ಕಕ್ಕೆ ಹಿಡಿದಿದ್ದ 5,99,85,274 ಕಳೆದು, 18,17,46,000 ಅನ್ನು ಆದಾಯಕ್ಕೆ ಸೇರಿಸಿದರು. ಸೇರಿಸಬೇಕಿದ್ದದ್ದು, ಹೈಕೋರ್ಟಿನ ವಿಧಾನವನ್ನೇ ಒಪ್ಪಿಕೊಂಡರೂ, 4,67,46,000 ಮಾತ್ರ.

ಈಗ ಮತ್ತೆ ಲೆಕ್ಕ ಹಾಕಿ. ಆದಾಯ 21,26,65,654. ಅಕ್ರಮ 16,32,36,812. ಶೇ. 76.76. ಕಿರಾಣಿ ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಎರಡು ನಿಮಿಷದ ಕೆಲಸ.

ಧಾರವಾಡಿ:
ಅಂದ್ರ ಆ ಹದಿಮೂರುವರಿ ಕೋಟಿ ಸರಿ ಮಾಡಿದ್ದಕ್ಕ ಸುಪ್ರೀಂ ಕೋರ್ಟ್ ತೀರ್ಪು ತಿರುಗಿಸ್ತು ಅಂತಾತು.

ಜಮಾಖರ್ಚು:
ಇಲ್ಲ ಸರ್, ಇದೇ ಸಾಮಾನ್ಯ ತಪ್ಪು ತಿಳಿವಳಿಕೆ. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಹೈಕೋರ್ಟಿನ ಇಡೀ ಮೌಲ್ಯಮಾಪನವನ್ನೇ ಒಪ್ಪಲಿಲ್ಲ. ಕಟ್ಟಡಗಳ ವೆಚ್ಚ ನೋಡಿ. ಪ್ರಾಸಿಕ್ಯೂಷನ್ ಹೇಳಿದ್ದು 27 ಕೋಟಿ 79 ಲಕ್ಷ, ಹೈಕೋರ್ಟ್ ಇಳಿಸಿದ್ದು 5 ಕೋಟಿ 10 ಲಕ್ಷಕ್ಕೆ. ಸಾಕುಮಗನ ಮದುವೆ ಖರ್ಚು ಪ್ರಾಸಿಕ್ಯೂಷನ್ ಪ್ರಕಾರ 6 ಕೋಟಿ 45 ಲಕ್ಷ, ವಿಶೇಷ ನ್ಯಾಯಾಲಯದಲ್ಲಿ 3 ಕೋಟಿ, ಹೈಕೋರ್ಟಿನಲ್ಲಿ 28 ಲಕ್ಷ ಚಿಲ್ಲರೆ. ಕೂಡಿಕೆ ತಪ್ಪು ಸುದ್ದಿಯಾಯ್ತು, ಯಾಕಂದ್ರೆ ಎಲ್ಲರಿಗೂ ಅರ್ಥವಾಗುತ್ತೆ. ತೂಕ ಇದ್ದದ್ದು ಮೌಲ್ಯಮಾಪನದಲ್ಲಿ.

ಕಟಕಟೆ:
ಇದಕ್ಕೆ ಒಂದು ಸೇರಿಸ್ತೀನಿ. ಹೈಕೋರ್ಟಿನಲ್ಲಿ ಆ ಲೆಕ್ಕದ ವಿರುದ್ಧ ವಾದ ಮಾಡಬೇಕಿದ್ದವರು ಯಾರು?

ಆಚಾರ್ಯರು 2012ರಲ್ಲಿ ಬಿಟ್ಟ ಮೇಲೆ ಭವಾನಿ ಸಿಂಗ್ ಬಂದಿದ್ದರು. ಅವರ ನೇಮಕ ವಿಚಾರಣಾ ನ್ಯಾಯಾಲಯದ ಮಟ್ಟಿಗೆ. ಮೇಲ್ಮನವಿ ಹಂತದಲ್ಲಿ ಅವರಿಗೆ ಅಧಿಕಾರ ಪತ್ರ ಕೊಟ್ಟದ್ದು ತಮಿಳುನಾಡು ಸರ್ಕಾರ, ಅಂದರೆ ಮೇಲ್ಮನವಿ ಹಾಕಿದವರದ್ದೇ ಪಕ್ಷದ ಸರ್ಕಾರ. 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು: ತಮಿಳುನಾಡಿಗೆ ಆ ಅಧಿಕಾರ ಇಲ್ಲ, ಪ್ರಾಸಿಕ್ಯೂಷನ್ ನಡೆಸುವ ಹಕ್ಕು ಕರ್ನಾಟಕಕ್ಕೆ ಮಾತ್ರ. ಆದರೆ ಅಷ್ಟು ಹೊತ್ತಿಗೆ ಮೌಖಿಕ ವಾದ ಮುಗಿದಿತ್ತು. ಮತ್ತೆ ವಾದ ಕೇಳಿ ಅನ್ನಲಿಲ್ಲ. ಕರ್ನಾಟಕಕ್ಕೆ ಸಿಕ್ಕಿದ್ದು ಲಿಖಿತ ವಾದ ಸಲ್ಲಿಸುವ ಅವಕಾಶ, ಅದೂ ಒಂದು ದಿನದ ಒಳಗೆ. ಎರಡು ವಾರಕ್ಕೆ ತೀರ್ಪು ಬಂತು.

2001ರಲ್ಲಿ ಚೆನ್ನೈನಲ್ಲಿ ಆದದ್ದು, 2015ರಲ್ಲಿ ಬೆಂಗಳೂರಿನಲ್ಲಿ ಆದದ್ದು, ಎರಡರಲ್ಲೂ ಸಡಿಲವಾದ ಮೊಳೆ ಒಂದೇ: ಪ್ರಾಸಿಕ್ಯೂಟರ್ ನೇಮಕ.

ವಾಯಿದೆ ವೆಂಕಟೇಶ:
ವೇಗದ ಮಾತೂ ಇದೆ. ಶಿಕ್ಷೆ ಆದದ್ದು ಸೆಪ್ಟೆಂಬರ್ 27. ಅಕ್ಟೋಬರ್ 7ಕ್ಕೆ ಹೈಕೋರ್ಟ್ ಜಾಮೀನು ನಿರಾಕರಿಸಿತು, 17ಕ್ಕೆ ಸುಪ್ರೀಂ ಕೋರ್ಟ್ ಕೊಟ್ಟಿತು. ಮೇಲ್ಮನವಿಯನ್ನು ಮೂರು ತಿಂಗಳಲ್ಲಿ ಮುಗಿಸಿ ಅಂತಲೂ ನಿರ್ದೇಶನ ಆಯ್ತು, ವಿಶೇಷ ಪೀಠವೂ ಆಯ್ತು. ಸಾಮಾನ್ಯ ಕೈದಿಯ ಮೇಲ್ಮನವಿ ಪಟ್ಟಿಗೆ ಬರೋ ಹೊತ್ತಿಗೆ ಶಿಕ್ಷೆಯ ಅವಧಿಯೇ ಮುಗಿದಿರುತ್ತೆ ಎಷ್ಟೋ ಸಲ. ವಿಚಾರಣೆಗೆ 18 ವರ್ಷ, ಮೇಲ್ಮನವಿಗೆ ಎಂಟು ತಿಂಗಳಿಗಿಂತ ಕಡಿಮೆ. ಗಡಿಯಾರ ಒಂದೇ, ಮುಳ್ಳು ತಿರುಗಿಸೋ ಕೈ ಬೇರೆ.

ಬೆಣ್ಣೆನಗರಿ:
ಕೇಸು ಶುರುವಾಗೋದಕ್ಕೆ ಮುಂಚಿನ ಬಾಗಿಲ ಬಗ್ಗೆ ಯಾರಾದ್ರೂ ಹೇಳ್ತೀರಾ? ರಾಜ್ಯಪಾಲರ ಅನುಮತಿ, ಮಂಜೂರಾತಿ, 17ಎ, 19, 197 ಎಲ್ಲ ಕಲಸುಮೇಲೋಗರ ಆಗಿದೆ.

ಅರ್ಜಿದಾರ:
ಮೂರು ಬೇರೆ ಬೇರೆ ಬೀಗ ಇವು. ಮಾಧ್ಯಮದಲ್ಲಿ ಮೂರಕ್ಕೂ “ಪ್ರಾಸಿಕ್ಯೂಷನ್‌ಗೆ ಅನುಮತಿ” ಅಂತ ಒಂದೇ ಹೆಸರು ಇಟ್ಟುಬಿಡ್ತಾರೆ.

ಮೊದಲನೇದು ತನಿಖೆಯ ಬಾಗಿಲಲ್ಲೇ ಇರೋದು, ಭ್ರಷ್ಟಾಚಾರ ತಡೆ ಕಾಯ್ದೆಯ 17ಎ. 2018ರ ಜುಲೈನಲ್ಲಿ ಸೇರಿದ್ದು. ಸಾರ್ವಜನಿಕ ನೌಕರ ಕರ್ತವ್ಯದ ಭಾಗವಾಗಿ ಮಾಡಿದ ಶಿಫಾರಸು ಅಥವಾ ತೀರ್ಮಾನದ ಬಗ್ಗೆ ಆರೋಪ ಇದ್ದರೆ, ವಿಚಾರಣೆ ಅಥವಾ ತನಿಖೆ ಶುರು ಮಾಡೋಕೇ ಪೂರ್ವಾನುಮತಿ ಬೇಕು. ಲಂಚ ತಗೊಳ್ಳುವಾಗ ಸ್ಥಳದಲ್ಲೇ ಹಿಡಿದರೆ ಬೇಡ. ಜಯಲಲಿತಾ ಕೇಸಿನಂಥ ಅಕ್ರಮ ಆಸ್ತಿ ಆರೋಪದಲ್ಲಿ “ತೀರ್ಮಾನ” ಅನ್ನೋದೇ ಇರೋದಿಲ್ಲ, ಹಾಗಾಗಿ ಸಾಮಾನ್ಯವಾಗಿ ಇದು ಅಡ್ಡ ಬರೋದಿಲ್ಲ.

ಎರಡನೇದು ಅದೇ ಕಾಯ್ದೆಯ 19. ತನಿಖೆ ಮುಗಿದು ನ್ಯಾಯಾಲಯ ಸಂಜ್ಞೇಯತೆ ತಗೊಳ್ಳೋ (ಕೇಸನ್ನು ಕೈಗೆತ್ತಿಕೊಳ್ಳೋ) ಮುಂಚೆ ಬೇಕಾದ ಮಂಜೂರಾತಿ. ಮೂರು ತಿಂಗಳ ಗಡುವು, ಕಾನೂನು ಸಲಹೆ ಬೇಕಿದ್ದರೆ ಇನ್ನೊಂದು ತಿಂಗಳು. ಮೊದಲು ಹುದ್ದೆ ಬಿಟ್ಟವರಿಗೆ ಈ ರಕ್ಷಣೆ ಇರಲಿಲ್ಲ. 2018ರ ತಿದ್ದುಪಡಿ ಆದ ಮೇಲೆ ಹುದ್ದೆಯಲ್ಲಿದ್ದಾಗ ಮಾಡಿದ್ದಕ್ಕೆ ಮಾಜಿಗಳಿಗೂ ಇದೆ. 1996ರಲ್ಲಿ ಜಯಲಲಿತಾ ಮಾಜಿಯಾಗಿದ್ದರು, ದಾರಿ ಸಲೀಸಾಗಿತ್ತು. ಇವತ್ತಾಗಿದ್ದರೆ ಇನ್ನೊಂದು ಬಾಗಿಲು ತಟ್ಟಬೇಕಿತ್ತು.

ಮೂರನೇದು ಹಳೇ ಸಂಹಿತೆಯ 197, ಈಗ ಅದರ ಜಾಗಕ್ಕೆ ಬಂದಿರೋ ನಾಗರಿಕ ಸುರಕ್ಷಾ ಸಂಹಿತೆಯ 218. ಇತರ ಅಪರಾಧಗಳಿಗೆ. ಹೊಸದರಲ್ಲಿ ಒಂದು ಒಳ್ಳೇ ಬದಲಾವಣೆ ಇದೆ: 120 ದಿನದಲ್ಲಿ ಸರ್ಕಾರ ತೀರ್ಮಾನ ಮಾಡದಿದ್ದರೆ ಮಂಜೂರಾತಿ ಸಿಕ್ಕಿದೆ ಅಂತಲೇ ಲೆಕ್ಕ. ಭ್ರಷ್ಟಾಚಾರ ಕಾಯ್ದೆಯ 19ರಲ್ಲಿ ಆ ಮಾತು ಇಲ್ಲ. ಗಡುವು ಕಡ್ಡಾಯ ಅಂತ 2022ರ ವಿಜಯ ರಾಜಮೋಹನ್ ತೀರ್ಪು ಹೇಳಿದೆ, ಮೀರಿದರೆ ತಾನಾಗಿ ಮಂಜೂರಾಗುತ್ತೆ ಅಂತ ಹೇಳಿಲ್ಲ.

ಬೀಗದ ಕೈ ಯಾರ ಹತ್ತಿರ? ಆ ವ್ಯಕ್ತಿಯನ್ನು ಹುದ್ದೆಯಿಂದ ತೆಗೆಯುವ ಅಧಿಕಾರ ಇರೋರ ಹತ್ತಿರ. ಮುಖ್ಯಮಂತ್ರಿಯಾದರೆ ರಾಜ್ಯಪಾಲರು. ಸಾಮಾನ್ಯವಾಗಿ ರಾಜ್ಯಪಾಲರು ಸಂಪುಟದ ಸಲಹೆಯಂತೆ ನಡೀಬೇಕು. ಆದರೆ ಸಂಪುಟ ತನ್ನ ನಾಯಕನ ಬಗ್ಗೆಯೇ ಸಲಹೆ ಕೊಡೋದಾದರೆ ಪಕ್ಷಪಾತದ ಸಾಧ್ಯತೆ ಇರುತ್ತೆ, ಅಂಥಲ್ಲಿ ಸ್ವಂತ ವಿವೇಚನೆ ಬಳಸಬಹುದು ಅಂತ 2004ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ತೀರ್ಪಾಗಿದೆ.

ಸಮಸ್ಯೆ ಇಲ್ಲೇ. ಕರ್ನಾಟಕದಲ್ಲಿ 2011ರಲ್ಲಿ ಎಚ್.ಆರ್. ಭಾರದ್ವಾಜ್ ಅನುಮತಿ ಕೊಟ್ಟದ್ದು ಯಡಿಯೂರಪ್ಪ ವಿರುದ್ಧ, 2024ರ ಆಗಸ್ಟ್‌ನಲ್ಲಿ ಥಾವರ್‌ಚಂದ್ ಗೆಹ್ಲೋಟ್ ಕೊಟ್ಟದ್ದು ಮುಡಾ ವಿಷಯದಲ್ಲಿ ಸಿದ್ದರಾಮಯ್ಯ ವಿರುದ್ಧ. ಎರಡೂ ಸಲ ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು. ಕೇಂದ್ರದಲ್ಲೂ ರಾಜ್ಯದಲ್ಲೂ ಒಂದೇ ಪಕ್ಷ ಇದ್ದಾಗ ಬೀಗ ಅಷ್ಟು ಬೇಗ ತೆಗೆಯುತ್ತಾ ಅನ್ನೋದು ಕೇಳಲೇಬೇಕಾದ ಪ್ರಶ್ನೆ. ಅನುಮತಿ ಸಿಕ್ಕಿತು ಅಂದರೆ ತಪ್ಪಿತಸ್ಥ ಅಂತಲೂ ಅಲ್ಲ. ಭೂ ಪ್ರಕರಣಗಳಲ್ಲಿ 2011ರ ಅಕ್ಟೋಬರ್‌ನಲ್ಲಿ ಜೈಲಿಗೆ ಹೋದ ಯಡಿಯೂರಪ್ಪ, 2016ರ ಅಕ್ಟೋಬರ್‌ನಲ್ಲಿ ಗಣಿ ಕಿಕ್‌ಬ್ಯಾಕ್ ಆರೋಪದ ಸಿಬಿಐ ಪ್ರಕರಣದಲ್ಲಿ ಖುಲಾಸೆಯಾದರು. ಮುಡಾ ಪ್ರಕರಣದಲ್ಲಿ ಲೋಕಾಯುಕ್ತ ಪೊಲೀಸರು 2025ರ ಫೆಬ್ರವರಿಯಲ್ಲಿ ಸಾಕ್ಷ್ಯ ಇಲ್ಲ ಅಂತ ವರದಿ ಕೊಟ್ಟರು.

ಧಾರವಾಡಿ:
ಲೋಕಾಯುಕ್ತ ಪೊಲೀಸರ ಪಗಾರ, ಬಡ್ತಿ, ವರ್ಗ ಎಲ್ಲಾ ಎಲ್ಲಿಂದ ಬರ್ತದ್ರಿ? ಅದನ್ನೂ ಹೇಳ್ರಲ್ಲ.

ಅರ್ಜಿದಾರ:
ಪೊಲೀಸ್ ಇಲಾಖೆಯಿಂದ ನಿಯೋಜನೆ ಮೇಲೆ ಬರ್ತಾರೆ, ಅವಧಿ ಮುಗಿದ ಮೇಲೆ ಅಲ್ಲಿಗೇ ವಾಪಸ್. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿದಾಗ ಲೋಕಾಯುಕ್ತದ ಕೈಯಿಂದ ತನಿಖೆಯನ್ನೇ ಕಿತ್ತುಕೊಂಡು, ಮುಖ್ಯಮಂತ್ರಿ ನಿಯಂತ್ರಣದ ಇಲಾಖೆಯ ಕೆಳಗೆ ಇಟ್ಟಿದ್ದರು. ಆ ಆದೇಶವನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಆರು ವರ್ಷ ನಡೆದಿತ್ತು ಅದು.

ದೂರು ಕೊಡೋರಿಗೆ ಒಂದು ಪ್ರಾಯೋಗಿಕ ಮಾತು, ಹೆಚ್ಚಿನ ಖಾಸಗಿ ದೂರುಗಳು ಬೀಳೋದು ಇಲ್ಲೇ. ಮೊದಲು ಠಾಣೆಗೆ ಲಿಖಿತ ದೂರು, ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ ಎಸ್‌ಪಿಗೆ ಲಿಖಿತವಾಗಿ. ಆಮೇಲೆ ವಿಶೇಷ ನ್ಯಾಯಾಲಯಕ್ಕೆ ಪಿಸಿಆರ್ (ಖಾಸಗಿ ದೂರು), ಜೊತೆಗೆ ಪ್ರಮಾಣಪತ್ರ ಕಡ್ಡಾಯ (2015ರ ಪ್ರಿಯಾಂಕಾ ಶ್ರೀವಾಸ್ತವ ತೀರ್ಪು). ಪ್ರಮಾಣಪತ್ರ ಇಲ್ಲದ ಪಿಸಿಆರ್ ಹೈಕೋರ್ಟಿನಲ್ಲಿ ಮೊದಲ ದಿನವೇ ಬೀಳುತ್ತೆ. ಹಾಗೆಯೇ 2013ರ ಎಂ.ಕೆ. ಅಯ್ಯಪ್ಪ ತೀರ್ಪು, ಅದು ನಮ್ಮ ರಾಜ್ಯದ್ದೇ ಪ್ರಕರಣ. ಮಂಜೂರಾತಿ ಇಲ್ಲದೆ ನ್ಯಾಯಾಧೀಶರು ತನಿಖೆಗೆ ಕಳಿಸುವಂತೆಯೂ ಇಲ್ಲ ಅಂತ ಅದರಲ್ಲಿದೆ.

ಹೊಸಬ:
ಅಧಿವೇಶನ ನಡೀತಿದ್ದರೆ ಶಾಸಕರನ್ನು ಬಂಧಿಸೋ ಹಾಗಿಲ್ಲ ಅಂತ ಕೇಳಿದ್ದೆ. ಅದೂ ಒಂದು ರಕ್ಷಣೆ ಅಲ್ವಾ?

ಕಟಕಟೆ:
ಅದು ಸಿವಿಲ್ ಬಂಧನಕ್ಕೆ ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 135ಎ, ಅಧಿವೇಶನದ ಅವಧಿ ಮತ್ತು ಅದರ ಹಿಂದೆ ಮುಂದೆ 40 ದಿನ. ಸಾಲ ವಸೂಲಿ ಡಿಕ್ರಿಗೆ ಸಿವಿಲ್ ಜೈಲಿಗೆ ಹಾಕೋ ಹಾಗಿಲ್ಲ, ಅಷ್ಟೆ. ಕ್ರಿಮಿನಲ್ ಕೇಸಿಗೆ ಯಾವ ರಕ್ಷಣೆಯೂ ಇಲ್ಲ. ಬಂಧಿಸಿದ ಮೇಲೆ ಸಭಾಧ್ಯಕ್ಷರಿಗೆ ತಿಳಿಸಬೇಕು. ತಿಳಿಸೋದು ಬೇರೆ, ಅನುಮತಿ ಕೇಳೋದು ಬೇರೆ. ನಿಜವಾದ ಪೂರ್ಣ ರಕ್ಷಣೆ ಇರೋದು ರಾಷ್ಟ್ರಪತಿಗೆ ಮತ್ತು ರಾಜ್ಯಪಾಲರಿಗೆ, 361ನೇ ವಿಧಿಯಲ್ಲಿ, ಅಧಿಕಾರಾವಧಿ ಮುಗಿಯೋವರೆಗೆ. ಸದನದಲ್ಲಿ ಮತ ಹಾಕಲು ಲಂಚ ತಗೊಂಡರೂ ಕೇಸಿಲ್ಲ ಅನ್ನೋ 1998ರ ನರಸಿಂಹ ರಾವ್ ತೀರ್ಪನ್ನು 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. 26 ವರ್ಷ ಜೀವಂತ ಇತ್ತು ಅದು.

ಜಮಾಖರ್ಚು:
ನೌಕರಿಯ ವಿಷಯದಲ್ಲಿ ಹೋಲಿಕೆ ಮಾಡಿ, ಅಲ್ಲಿ ಕಣ್ಣಿಗೆ ಹೊಡೆಯೋ ಹಾಗಿದೆ. ಕರ್ನಾಟಕದ ಸರ್ಕಾರಿ ಕಚೇರಿಯ ಒಬ್ಬ ಎಫ್‌ಡಿಎ 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ನೌಕರರ ಶಿಸ್ತಿನ ಸಿಸಿಎ ನಿಯಮದ ಪ್ರಕಾರ ತಾನಾಗಿ ಅಮಾನತು. ಆದೇಶ ಬರೆಯೋದು ಬರೀ ಔಪಚಾರಿಕತೆ. ಮಂತ್ರಿಗೆ ಅಂಥ ನಿಯಮವೇ ಇಲ್ಲ. 2024ರ ಮಾರ್ಚ್ 21ರಂದು ಬಂಧನವಾದ ಅರವಿಂದ್ ಕೇಜ್ರಿವಾಲ್ ಜೈಲಿನಿಂದಲೇ ಮುಖ್ಯಮಂತ್ರಿಯಾಗಿ ಮುಂದುವರಿದರು, ಅದು ಕಾನೂನು ಮೀರಿದ್ದೇನಲ್ಲ. ಅದೇ ಜನವರಿಯಲ್ಲಿ ಹೇಮಂತ್ ಸೊರೇನ್ ರಾಜೀನಾಮೆ ಕೊಟ್ಟು ಹೋದರು, ಅದೂ ಕಾನೂನು ಬಲವಂತ ಮಾಡಿದ್ದಲ್ಲ. 2025ರ ಆಗಸ್ಟ್ 20ರಂದು ಮಂಡಿಸಿದ 130ನೇ ತಿದ್ದುಪಡಿ ಮಸೂದೆ 30 ದಿನ ಸತತ ಬಂಧನದಲ್ಲಿದ್ದರೆ ಹುದ್ದೆ ಹೋಗಲಿ ಅನ್ನುತ್ತೆ.

ಕಟಕಟೆ:
ಆ ಮಸೂದೆ ಕಾಗದದಲ್ಲಿ ಗುಮಾಸ್ತನನ್ನೂ ಮಂತ್ರಿಯನ್ನೂ ಹತ್ತಿರ ತರುತ್ತೆ. ಆದರೆ ಗುಮಾಸ್ತನನ್ನು ಬಂಧಿಸೋದರಿಂದ ಯಾರಿಗೂ ಸರ್ಕಾರ ಉರುಳಿಸೋ ಲಾಭ ಇಲ್ಲ. ಕೇಂದ್ರದ ತನಿಖಾ ಸಂಸ್ಥೆ ಬಂಧಿಸಿ, ಜಾಮೀನು ಕಷ್ಟದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ, ಅಂದರೆ ಪಿಎಂಎಲ್‌ಎ ಹಾಕಿದರೆ 30 ದಿನ ತಾನಾಗಿ ದಾಟುತ್ತೆ. ನನಗೆ ಆ ಮಸೂದೆ ಇಷ್ಟ ಇಲ್ಲ. ಶಿಕ್ಷೆಯಾದ ಮೇಲೆ ಸ್ಥಾನ ಹೋಗೋದು ಬೇರೆ ಮಾತು, ಅದು ಸರಿ.

ಹೊಸಬ:
ಶಿಕ್ಷೆಯಾದ ಮೇಲೆ ತಕ್ಷಣ ಹೋಗುತ್ತಾ? ಮೇಲ್ಮನವಿ ಹಾಕಿದರೆ ಉಳಿಯುತ್ತಲ್ವಾ?

ಕಟಕಟೆ:
2013ರ ಜುಲೈ 10ರವರೆಗೆ ಉಳಿಯುತ್ತಿತ್ತು. ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಅದು ಮುಗಿಯೋವರೆಗೂ ಹಾಲಿ ಸದಸ್ಯರ ಸ್ಥಾನಕ್ಕೆ ಧಕ್ಕೆ ಇರಲಿಲ್ಲ. ಹೊಸದಾಗಿ ನಿಲ್ಲಬೇಕು ಅನ್ನೋರಿಗೆ ಆ ಅನುಕೂಲ ಇರಲಿಲ್ಲ. ಅವತ್ತು ಸುಪ್ರೀಂ ಕೋರ್ಟ್ ಕೊಟ್ಟ ಲಿಲಿ ಥಾಮಸ್ ತೀರ್ಪು ಅದನ್ನು ಕಿತ್ತುಹಾಕಿತು. ಅದರ ಫಲವಾಗಿ ಜಯಲಲಿತಾ ಸ್ಥಾನ ಕಳಕೊಂಡ ಮೊದಲ ಹಾಲಿ ಮುಖ್ಯಮಂತ್ರಿಯಾದರು. ಪರಪ್ಪನ ಅಗ್ರಹಾರದಲ್ಲಿ ತೀರ್ಪು ಓದಿದ ದಿನವೇ.

ಈಗ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಅನರ್ಹತೆ, ಬಿಡುಗಡೆಯಾದ ಮೇಲೆ ಇನ್ನೂ ಆರು ವರ್ಷ. ಭ್ರಷ್ಟಾಚಾರ ಕಾಯ್ದೆಯಡಿ ಆದರೆ ಬರೀ ದಂಡ ಹಾಕಿದರೂ ಅನರ್ಹ. ಇಲ್ಲಿ ಒಂದು ಸೂಕ್ಷ್ಮ ಇದೆ: ಶಿಕ್ಷೆಯನ್ನು ಅಮಾನತಿನಲ್ಲಿಟ್ಟರೆ ಜೈಲು ತಪ್ಪುತ್ತೆ, ಅನರ್ಹತೆ ತಪ್ಪೋದಿಲ್ಲ. ದೋಷಿ ಅನ್ನೋ ತೀರ್ಮಾನಕ್ಕೇ ತಡೆ ಬೇಕು. ರಾಹುಲ್ ಗಾಂಧಿ 2019ರಲ್ಲಿ ಕೋಲಾರದಲ್ಲಿ ಮಾಡಿದ ಭಾಷಣಕ್ಕೆ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಕೊಟ್ಟದ್ದು ಸರಿಯಾಗಿ ಎರಡು ವರ್ಷ, ಮಾನನಷ್ಟಕ್ಕೆ ಇರೋ ಗರಿಷ್ಠ. ಒಂದು ದಿನ ಕಡಿಮೆ ಆಗಿದ್ದರೂ ಸ್ಥಾನ ಉಳೀತಿತ್ತು. ಮರುದಿನವೇ ಅನರ್ಹರಾದರು. ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲ ಅಂತ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಆ ತಡೆ ಕೊಡುವಾಗ ಕ್ಷೇತ್ರದ ಮತದಾರರಿಗೆ ಪ್ರತಿನಿಧಿ ಇಲ್ಲದಾಗುತ್ತೆ ಅನ್ನೋದನ್ನೂ ಕೋರ್ಟು ತೂಗುತ್ತೆ. ನೌಕರಿ ಕಳಕೊಂಡ ಶಾಲಾ ಮೇಷ್ಟ್ರು ಅದೇ ತಡೆ ಕೇಳಿದರೆ ಹೇಳಿಕೊಳ್ಳೋಕೆ ಅಂಥ ಮತದಾರರಿಲ್ಲ. ಇದು ನ್ಯಾಯವೋ ಅಲ್ಲವೋ, ನನಗೆ ಎರಡೂ ಮನಸ್ಸಿದೆ.

ವಾಯಿದೆ ವೆಂಕಟೇಶ:
ಸದ್ದಿಲ್ಲದೆ ಆಗೋ ಇನ್ನೊಂದು ಕೆಲಸ: ಕೇಸು ವಾಪಸ್. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 321, ಈಗ ಹೊಸ ಸಂಹಿತೆಯ 360. ಕಾನೂನಿನಲ್ಲಿ ಸರ್ಕಾರಿ ವಕೀಲ ಸ್ವತಂತ್ರವಾಗಿ ಕಡತ ನೋಡಿ, ನ್ಯಾಯಾಲಯದ ಒಪ್ಪಿಗೆ ಪಡೆದು ಹಿಂತೆಗೆಯಬೇಕು. ನಡೆಯೋದು ಹೀಗೆ: ಗೃಹ ಇಲಾಖೆಗೆ ಮನವಿ, ಸಂಪುಟ ಉಪಸಮಿತಿ, ಸಂಪುಟ ಒಪ್ಪಿಗೆ, ಸರ್ಕಾರಿ ಆದೇಶ, ಕೊನೆಗೆ ವಕೀಲರಿಗೆ ಸೂಚನೆ. ಪೊಲೀಸ್ ಇಲಾಖೆ, ಕಾನೂನು ಇಲಾಖೆ ಬೇಡ ಅಂತ ಟಿಪ್ಪಣಿ ಬರೆದರೂ ಲೆಕ್ಕಕ್ಕಿಲ್ಲ. 2020ರ ಆಗಸ್ಟ್‌ನ ಆದೇಶದಲ್ಲಿ 61 ಕೇಸು, ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ. 2024ರ ಅಕ್ಟೋಬರ್‌ನ ಆದೇಶದಲ್ಲಿ 43 ಕೇಸು, 2025ರ ಮೇಯಲ್ಲಿ ಹೈಕೋರ್ಟ್ ರದ್ದು. ಮೊದಲನೆಯದು ಬಿಜೆಪಿ ಸರ್ಕಾರ, ಎರಡನೆಯದು ಕಾಂಗ್ರೆಸ್ ಸರ್ಕಾರ. ಹಾಲಿ, ಮಾಜಿ ಶಾಸಕ ಸಂಸದರ ಕೇಸನ್ನು ಹೈಕೋರ್ಟ್ ಅನುಮತಿ ಇಲ್ಲದೆ ವಾಪಸ್ ತಗೊಳ್ಳಬಾರದು ಅಂತ 2021ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಈ ಚಟ ಬಿಟ್ಟಿಲ್ಲ.

ಧಾರವಾಡಿ:
ಜೈಲಿನ ಒಳಗಿನ ಕಥಿ ಯಾರೂ ಎತ್ತಲಿಲ್ಲ. ಇದ ಕೇಸಿನಾಗ ಶಿಕ್ಷಾ ಆದ ಜಯಲಲಿತಾ ಆಪ್ತೆ ಶಶಿಕಲಾ 2017ರ ಫೆಬ್ರವರಿ 15ಕ್ಕ ಒಳಗ ಹೋದ್ರು. ಜುಲೈದಾಗ ಜೈಲು ಡಿಐಜಿ ಡಿ. ರೂಪಾ ವಿಶೇಷ ಸವಲತ್ತು ಕೊಟ್ಟಾರಂತ ವರದಿ ಬರದ್ರು. ವಾರದಾಗ ವರದಿ ಬರದವರನ್ನೂ ಎತ್ತಂಗಡಿ ಮಾಡಿದ್ರು, ಅವರ ಮ್ಯಾಲಿನ ಅಧಿಕಾರಿನ್ನೂ ಮಾಡಿದ್ರು. ಆಮ್ಯಾಲೆ ಸರ್ಕಾರನ ನೇಮಿಸಿದ ವಿನಯ್ ಕುಮಾರ್ ಸಮಿತಿ ಸವಲತ್ತು ಸಿಕ್ಕದ್ದು ಖರೆ ಅಂತು. ಶಿಕ್ಷಾ ಮಾತ್ರ ಪೂರಾ ಆತು ಅನ್ರಿ, 2021ರ ಜನವರಿ 27ರ ತನಕ.

ಬೆಣ್ಣೆನಗರಿ:
100 ಕೋಟಿ ದಂಡ ಏನಾಯ್ತು? ಅದರ ಬಗ್ಗೆ ಎಲ್ಲೂ ಸರಿಯಾದ ಉತ್ತರ ಸಿಗ್ತಿಲ್ಲ.

ಕಟಕಟೆ:
2016ರ ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡರು, ಸುಪ್ರೀಂ ಕೋರ್ಟ್ ತೀರ್ಪಿಗೆ ಎರಡು ತಿಂಗಳ ಮುಂಚೆ. ಅವರ ಮಟ್ಟಿಗೆ ಮೇಲ್ಮನವಿ ಅಂತ್ಯವಾಯಿತು ಅಂತ ಸುಪ್ರೀಂ ಕೋರ್ಟ್ ಹೇಳಿತು. ದಂಡವನ್ನಾದರೂ ಆಸ್ತಿಯಿಂದ ವಸೂಲಿ ಮಾಡಲು ಬಿಡಿ ಅಂತ ಕರ್ನಾಟಕ ಮರುಪರಿಶೀಲನಾ ಅರ್ಜಿ ಹಾಕಿತು, 2017ರ ಏಪ್ರಿಲ್‌ನಲ್ಲಿ ವಜಾ ಆಯ್ತು. ಉಳಿದ ಮೂವರ ಶಿಕ್ಷೆ, ದಂಡ ಹಾಗೇ ಉಳಿಯಿತು. ಮುಟ್ಟುಗೋಲಾದ ಚಿನ್ನ, ಜಮೀನು ಪತ್ರಗಳನ್ನು 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ನ್ಯಾಯಾಲಯ ತಮಿಳುನಾಡಿಗೆ ಒಪ್ಪಿಸಿತು. ಇಲ್ಲಿ ವಿಚಾರಣೆ ನಡೆಸಿದ ವೆಚ್ಚಕ್ಕೆ ದಂಡದ ಹಣದಿಂದ ಕರ್ನಾಟಕಕ್ಕೆ 5 ಕೋಟಿ ಕೊಡಬೇಕು ಅಂತ ಕುನ್ಹ ಅವರ ಆದೇಶದಲ್ಲೇ ಇದೆ.

ಹೊಸಬ:
ಕೊನೇ ಪ್ರಶ್ನೆ. ನಮ್ಮ ಶಾಸಕರ ಕೇಸು ಎಲ್ಲಿಗೆ ಬಂದಿದೆ ಅಂತ ನಾವೇ ನೋಡೋದು ಹೇಗೆ?

ಅರ್ಜಿದಾರ:
ಚುನಾವಣಾ ಆಯೋಗದ ಜಾಲತಾಣದಲ್ಲಿ ಅವರ ನಮೂನೆ 26ರ ಪ್ರಮಾಣಪತ್ರ ತೆಗೀರಿ. ಕೇಸ್ ನಂಬರು, ನ್ಯಾಯಾಲಯದ ಹೆಸರು ಅದರಲ್ಲಿರುತ್ತೆ. ಆ ನಂಬರನ್ನು ಇ-ಕೋರ್ಟ್ಸ್ ತಾಣದಲ್ಲಿ ಹಾಕಿ. ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಆದರೆ ಸೆಷನ್ಸ್ ಮಟ್ಟದ್ದು ಸಿಸಿಎಚ್ 82, ಮ್ಯಾಜಿಸ್ಟ್ರೇಟ್ ಮಟ್ಟದ್ದು 42ನೇ ಹೆಚ್ಚುವರಿ ಮುಖ್ಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅಂತ ಹುಡುಕಿ. ಮುಂದಿನ ದಿನಾಂಕ ನೋಡಿ ಸುಮ್ಮನಾಗಬೇಡಿ, ಹಿಂದಿನ ಹತ್ತು ದಿನಾಂಕಗಳ ದೈನಂದಿನ ನಡಾವಳಿ ತೆರೆದು ನೋಡಿ. ಆರೋಪಿ ಗೈರು, ವಿನಾಯಿತಿ ಅರ್ಜಿ ಮಂಜೂರು. ಸಾಕ್ಷಿ ಸಮನ್ಸ್ ಜಾರಿಯಾಗಿಲ್ಲ. ಪ್ರಾಸಿಕ್ಯೂಷನ್ ಸಮಯ ಕೋರಿದೆ. ಈ ಮೂರರಲ್ಲಿ ಯಾವುದು ಹೆಚ್ಚು ಸಲ ಬಂದಿದೆ ಎಣಿಸಿ. ಹೈಕೋರ್ಟ್ ತಡೆ ಅಂತ ಇದ್ದರೆ ಆ ರಿಟ್ ನಂಬರನ್ನೂ ಹುಡುಕಿ, ತಡೆ ಕೊಟ್ಟ ಮೇಲೆ ಅದು ಎಷ್ಟು ಸಲ ಪಟ್ಟಿಗೆ ಬಂದಿದೆ ಅಂತ.

ಬಿ ರಿಪೋರ್ಟ್ ಅಂತ ಕಂಡರೆ ಖುಲಾಸೆ ಅಂದುಕೊಳ್ಳಬೇಡಿ. ಅದು ಸಾಕ್ಷ್ಯ ಇಲ್ಲ, ಕೇಸು ಮುಚ್ಚಬಹುದು ಅನ್ನೋ ಪೊಲೀಸರ ಅಭಿಪ್ರಾಯ. ದೂರುದಾರರಿಗೆ ನೋಟಿಸ್ ಹೋಗಬೇಕು, ಅವರು ಪ್ರೊಟೆಸ್ಟ್ ಅರ್ಜಿ ಹಾಕಬಹುದು, ನ್ಯಾಯಾಧೀಶರು ಒಪ್ಪಲೂಬಹುದು, ತಿರಸ್ಕರಿಸಲೂಬಹುದು.

ವಾಯಿದೆ ವೆಂಕಟೇಶ:
ಸಮನ್ಸ್ ಜಾರಿಯಾಗಿಲ್ಲ ಅನ್ನೋ ಕಡೆ ಪೊಲೀಸರ ಷರಾ ಏನಿದೆ ಅಂತಲೂ ನೋಡಿ. ದಿನಾ ಟಿವಿಯಲ್ಲಿ ಮಾತಾಡೋರ ಸಮನ್ಸ್ ಮೇಲೆ “ಆಸಾಮಿ ಊರಿನಲ್ಲಿ ಇರುವುದಿಲ್ಲ” ಅಂತ ಬರೆದಿದ್ದರೆ, ಆ ಹಾಳೆಯ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ ಇಟ್ಟುಕೊಳ್ಳಿ.